ಹಸಿರು ಕಟ್ಟಡ ಪರಿಣತರಾಗಲು ಏನು ಕಲಿಯಬೇಕು?

ಏಪ್ರಿಲ್, ಮೇ ತಿಂಗಳು ಬಂತೆಂದರೆ ವಿಜಯಪುರ ಜಿಲ್ಲೆಯ ಸರ್ಕಾರಿ ಕಚೇರಿಗಳ ವೇಳಾಪಟ್ಟಿಯೇ ಬದಲಾಗುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳ ಜೊತೆಗೆ ಬೆಳಗಾವಿ ವಿಭಾಗದ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲೂ ಈ ಎರಡು ತಿಂಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಕೆಲಸದ ವೇಳೆ ನಿಗದಿಪಡಿಸುವುದು ವಾಡಿಕೆ. ಕಾರಣ ಎಲ್ಲರಿಗೂ ಗೊತ್ತು. ಹೊರಗೆ 40 ಡಿಗ್ರಿ ಸೆಲ್ಸಿಯಸ್ ದಾಟುವ ಬಿಸಿಲು, ಒಳಗೆ ಕಾದ ಹೆಂಚಿನಂತಾಗುವ ಕಾಂಕ್ರೀಟ್ ಮಾಳಿಗೆ.

ವೇಳೆ ಬದಲಿಸಿದರೆ ನೌಕರರಿಗೆ ಅನುಕೂಲವಾಗುತ್ತದೆ, ನಿಜ. ಆದರೆ ಕಟ್ಟಡ ಬದಲಾಗುವುದಿಲ್ಲ. ಮಾರ್ಚ್ ತಿಂಗಳಲ್ಲಿ ಅದೇ ಬಗೆಯ ಮಾಳಿಗೆಯ ಕೆಳಗೆ ಕುಳಿತು ಪರೀಕ್ಷೆ ಬರೆಯುವ ಮಕ್ಕಳಿಗೂ, ಹಗಲಿಡೀ ಅಲ್ಲೇ ಇರುವ ರೋಗಿಗಳಿಗೂ ಗಡಿಯಾರದ ಮುಳ್ಳು ತಿರುಗಿಸಿ ಪರಿಹಾರ ಕೊಡಲಾಗದು. ಕಡಿಮೆ ವಿದ್ಯುತ್ತು, ಕಡಿಮೆ ನೀರು ಬಳಸಿ ಕಟ್ಟಡವನ್ನೇ ವಾಸಯೋಗ್ಯ ಮಾಡುವ ವಿದ್ಯೆ ಬೇಕು. ಈ ವಿದ್ಯೆಗೆ ಇಂದು ‘ಹಸಿರು ಕಟ್ಟಡ’ ಎಂಬ ಹೆಸರಿದೆ. ಅದರಲ್ಲಿ ಪರಿಣತರೆಂದು ಮಾನ್ಯತೆ ಪಡೆಯಲು ಪರೀಕ್ಷೆಗಳೂ ಇವೆ. ಆ ಪರೀಕ್ಷೆಗಳು ಯಾವುವು, ಅವುಗಳಿಗೆ ವಿಜಯಪುರ, ತಿಕೋಟಾ, ಬಬಲೇಶ್ವರದ ವಿದ್ಯಾರ್ಥಿ ಸಿದ್ಧನಾಗುವುದು ಹೇಗೆ ಎಂಬುದನ್ನು ಇಲ್ಲಿ ನೋಡೋಣ.

ಕಟ್ಟಡಕ್ಕೆ ಅಂಕ, ಮನುಷ್ಯನಿಗೆ ಮಾನ್ಯತೆ

ಮೊದಲಿಗೆ ಎರಡು ವಿಷಯಗಳನ್ನು ಬೇರ್ಪಡಿಸಿಕೊಳ್ಳಬೇಕು. ಒಂದು, ಕಟ್ಟಡಕ್ಕೆ ಕೊಡುವ ಶ್ರೇಣಿ. ಇನ್ನೊಂದು, ಆ ಶ್ರೇಣಿಯ ಲೆಕ್ಕಾಚಾರ ಬಲ್ಲ ವ್ಯಕ್ತಿಗೆ ಕೊಡುವ ಮಾನ್ಯತೆ.

ಅಮೆರಿಕದ ಹಸಿರು ಕಟ್ಟಡ ಮಂಡಳಿ 1993ರಲ್ಲಿ ಸ್ಥಾಪನೆಯಾಯಿತು. ಅದು ರೂಪಿಸಿದ ಶ್ರೇಣೀಕರಣ ಪದ್ಧತಿಯೇ ‘ಲೀಡ್’. ಭಾರತದಲ್ಲಿ ಭಾರತೀಯ ಕೈಗಾರಿಕಾ ಒಕ್ಕೂಟವು 2001ರಲ್ಲಿ ಭಾರತೀಯ ಹಸಿರು ಕಟ್ಟಡ ಮಂಡಳಿಯನ್ನು (ಐಜಿಬಿಸಿ) ಹುಟ್ಟುಹಾಕಿತು. ಹೈದರಾಬಾದಿನಲ್ಲಿರುವ ಒಕ್ಕೂಟದ ಸೊರಾಬ್‌ಜಿ ಗೋದ್ರೆಜ್ ಹಸಿರು ವಾಣಿಜ್ಯ ಕೇಂದ್ರಕ್ಕೆ 2003ರಲ್ಲಿ ಲೀಡ್‌ನ ಅತ್ಯುನ್ನತ ಪ್ಲಾಟಿನಂ ಶ್ರೇಣಿ ದೊರೆಯಿತು. ಅಮೆರಿಕದ ಹೊರಗೆ ಈ ಶ್ರೇಣಿ ಪಡೆದ ಮೊದಲ ಕಟ್ಟಡ ಅದು. ಟೆರಿ ಸಂಸ್ಥೆ ರೂಪಿಸಿದ ‘ಗೃಹ’ ಎಂಬ ನಮ್ಮದೇ ಪದ್ಧತಿಯನ್ನು 2007ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಶ್ರೇಣೀಕರಣ ಪದ್ಧತಿಯಾಗಿ ಅಂಗೀಕರಿಸಿತು. ಗೃಹ ಪದ್ಧತಿಯಲ್ಲಿ ಕಟ್ಟಡಗಳಿಗೆ 1ರಿಂದ 5 ನಕ್ಷತ್ರ ಸಿಗುತ್ತವೆ. ಲೀಡ್‌ನ ನಾಲ್ಕನೆಯ ಆವೃತ್ತಿಯಲ್ಲಿ ಒಟ್ಟು 110 ಅಂಕಗಳು. 40 ಬಂದರೆ ಪ್ರಮಾಣಿತ, 50ಕ್ಕೆ ಬೆಳ್ಳಿ, 60ಕ್ಕೆ ಚಿನ್ನ, 80 ಮತ್ತು ಅದಕ್ಕೂ ಮೇಲೆ ಪ್ಲಾಟಿನಂ.

ಈ ಅಂಕಗಳಿಗಾಗಿ ನಕ್ಷೆ, ಲೆಕ್ಕ, ದಾಖಲೆಗಳನ್ನು ಸಿದ್ಧಪಡಿಸುವವರೇ ಮಾನ್ಯತೆ ಪಡೆದ ವೃತ್ತಿಪರರು. ಅವರಿಗಿರುವ ಮುಖ್ಯ ದಾರಿಗಳು ನಾಲ್ಕು.

1. ಲೀಡ್ ಗ್ರೀನ್ ಅಸೋಸಿಯೇಟ್: ಇದು ಮೊದಲ ಮೆಟ್ಟಿಲು. 18 ವರ್ಷ ತುಂಬಿದವರು ಬರೆಯಬಹುದು. ಎಂಜಿನಿಯರಿಂಗ್ ಪದವಿಯೇ ಬೇಕೆಂಬ ನಿಯಮವಿಲ್ಲ. 2 ಗಂಟೆಯಲ್ಲಿ 100 ಬಹು ಆಯ್ಕೆ ಪ್ರಶ್ನೆಗಳಿಗೆ ಉತ್ತರಿಸಬೇಕು. ಫಲಿತಾಂಶವನ್ನು 125ರಿಂದ 200ರವರೆಗಿನ ಅಳತೆಯಲ್ಲಿ ಕೊಡುತ್ತಾರೆ. ತೇರ್ಗಡೆಗೆ 170 ಬೇಕು.

2. ಲೀಡ್ ಎ.ಪಿ.: ಮೊದಲ ಮೆಟ್ಟಿಲು ದಾಟಿದವರಿಗೆ. ಹೊಸ ಕಟ್ಟಡ ನಿರ್ಮಾಣ, ಇರುವ ಕಟ್ಟಡದ ನಿರ್ವಹಣೆ, ಒಳಾಂಗಣ, ಬಡಾವಣೆ, ವಾಸದ ಮನೆ ಇವುಗಳಲ್ಲಿ ಒಂದನ್ನು ಆರಿಸಿಕೊಂಡು ಬರೆಯಬೇಕು. ಹೀಗೆ ಎರಡು ಹಂತ ಮಾಡಿದ್ದು 2009ರಲ್ಲಿ. ಗಳಿಸಿದ ಮಾನ್ಯತೆ ಉಳಿಯಬೇಕಾದರೆ ಪ್ರತಿ 2 ವರ್ಷಕ್ಕೆ ಮೊದಲ ಹಂತದವರು 15 ಗಂಟೆ, ಎರಡನೆಯ ಹಂತದವರು 30 ಗಂಟೆ ಮುಂದುವರಿದ ಕಲಿಕೆ ತೋರಿಸಬೇಕು.

3. ಐಜಿಬಿಸಿ ಮತ್ತು ಗೃಹ ಪರೀಕ್ಷೆಗಳು: ಈ ಎರಡೂ ಸಂಸ್ಥೆಗಳು ತಮ್ಮ ತಮ್ಮ ಪದ್ಧತಿಗೆ ತಕ್ಕ ಪರೀಕ್ಷೆ ನಡೆಸಿ ಮಾನ್ಯತೆ ಕೊಡುತ್ತವೆ. ನಮ್ಮ ದೇಶದ ಹವೆ, ಸಂಹಿತೆ, ಸಾಮಗ್ರಿಗಳ ಬಗ್ಗೆ ಇವುಗಳಲ್ಲಿ ಒತ್ತು ಹೆಚ್ಚು.

4. ಶಕ್ತಿ ಲೆಕ್ಕ ತಪಾಸಕರ ಪರೀಕ್ಷೆ: 2001ರ ಇಂಧನ ಸಂರಕ್ಷಣಾ ಕಾಯಿದೆಯ ಪ್ರಕಾರ ಸ್ಥಾಪಿತವಾದ ಇಂಧನ ದಕ್ಷತಾ ಬ್ಯೂರೋ ಪರವಾಗಿ 2004ರಿಂದ ನಡೆಯುತ್ತಿದೆ. ಇದಕ್ಕೆ ತಕ್ಕ ಪದವಿಯ ಜೊತೆ ಕೆಲಸದ ಅನುಭವವೂ ಬೇಕು.

ಲೀಡ್‌ನ ಐದನೆಯ ಆವೃತ್ತಿ 2025ರಲ್ಲಿ ಹೊರಬಂದಿದೆ. ಆದ್ದರಿಂದ ಅರ್ಜಿ ಹಾಕುವ ಮುನ್ನ ಪರೀಕ್ಷೆ ಯಾವ ಆವೃತ್ತಿಯ ಮೇಲೆ ನಡೆಯುತ್ತದೆ ಎಂದು ನೋಡಿಕೊಂಡೇ ಪುಸ್ತಕ ಹಿಡಿಯಬೇಕು. ಒಂದು ಮಾತು ಇಲ್ಲೇ ಹೇಳಬೇಕು. ಈ ಯಾವ ಮಾನ್ಯತೆಯೂ ವಾಸ್ತುಶಿಲ್ಪಿಯಾಗಿ ಕೆಲಸ ಮಾಡುವ ಪರವಾನಗಿಯಲ್ಲ. ಅದಕ್ಕೆ 1972ರ ವಾಸ್ತುಶಿಲ್ಪಿಗಳ ಕಾಯಿದೆಯಂತೆ ನೋಂದಣಿ ಬೇರೆಯೇ ಆಗಬೇಕು.

ಪಠ್ಯದಲ್ಲಿ ಏನಿದೆ?

ಪದ್ಧತಿ ಯಾವುದಾದರೂ ವಿಷಯಗಳು ಹೆಚ್ಚುಕಡಿಮೆ ಒಂದೇ: ನಿವೇಶನ ಮತ್ತು ಸಾರಿಗೆ, ನೀರು, ಶಕ್ತಿ, ಸಾಮಗ್ರಿ, ಒಳಗಿನ ಗಾಳಿ-ಬೆಳಕು. ಇವೆಲ್ಲಕ್ಕೂ ಮೊದಲು ಬರುವ ಇನ್ನೊಂದು ಅಧ್ಯಾಯವಿದೆ. ವಾಸ್ತುಶಿಲ್ಪಿ, ಎಂಜಿನಿಯರ್, ಗುತ್ತಿಗೆದಾರ, ಬಳಕೆದಾರ ಎಲ್ಲರೂ ಆರಂಭದಲ್ಲೇ ಒಟ್ಟಿಗೆ ಕುಳಿತು ಯೋಚಿಸಬೇಕೆಂಬ ಸಮಗ್ರ ವಿನ್ಯಾಸದ ಅಧ್ಯಾಯ ಅದು. ಪರೀಕ್ಷೆಗೆ ಓದುವವರು ಇದನ್ನು ಪೀಠಿಕೆಯೆಂದು ಬಗೆದು ಹಾಳೆ ತಿರುವಿಬಿಡುವುದುಂಟು. ಉಳಿದ ಅಧ್ಯಾಯಗಳ ಬೀಗದ ಕೈ ಇರುವುದು ಇದರಲ್ಲೇ. ವಿಜಯಪುರದ ಒಂದು ಶಾಲಾ ಕೊಠಡಿಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ.

ಮಾಳಿಗೆಯ ಲೆಕ್ಕ

ಕೊಠಡಿಯ ಉದ್ದ 8 ಮೀಟರ್, ಅಗಲ 6 ಮೀಟರ್. ಮಾಳಿಗೆಯ ವಿಸ್ತೀರ್ಣ 48 ಚದರ ಮೀಟರ್. ಮೇಲೆ 12 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಹಲಗೆ.

ಒಂದು ಪದರದ ಉಷ್ಣರೋಧ ತಿಳಿಯಲು ಅದರ ದಪ್ಪವನ್ನು (ಮೀಟರುಗಳಲ್ಲಿ) ಉಷ್ಣವಾಹಕತೆಯಿಂದ ಭಾಗಿಸಬೇಕು. ಕಾಂಕ್ರೀಟಿನ ಉಷ್ಣವಾಹಕತೆ ಸುಮಾರು 1.58. ಆದ್ದರಿಂದ ಹಲಗೆಯ ರೋಧ 0.12 ÷ 1.58 = 0.076. ಮಾಳಿಗೆಯ ಮೇಲೆ ಮತ್ತು ಕೆಳಗೆ ಅಂಟಿಕೊಂಡಿರುವ ತೆಳು ಗಾಳಿಪದರಗಳ ರೋಧ 0.04 ಮತ್ತು 0.17. ಮೂರನ್ನೂ ಕೂಡಿದರೆ 0.286. ಇದರ ವ್ಯುತ್ಕ್ರಮವೇ ಉಷ್ಣ ಪ್ರಸರಣಾಂಕ, ಅಂದರೆ ಸುಮಾರು 3.5. ಒಳ-ಹೊರಗಿನ ತಾಪದಲ್ಲಿ 1 ಡಿಗ್ರಿ ವ್ಯತ್ಯಾಸವಿದ್ದರೆ ಪ್ರತಿ ಚದರ ಮೀಟರಿನಲ್ಲಿ 3.5 ವಾಟ್ ಉಷ್ಣ ಒಳಗೆ ಇಳಿಯುತ್ತದೆ ಎಂದು ಇದರ ಅರ್ಥ. ವಾಸದ ಮನೆಗಳಿಗಾಗಿ 2018ರಲ್ಲಿ ಬಂದ ‘ಇಕೋ ನಿವಾಸ್ ಸಂಹಿತಾ’ ಮಾಳಿಗೆಗೆ ಹಾಕಿರುವ ಮಿತಿ 1.2. ನಮ್ಮ ಮಾಮೂಲಿ ಕಾಂಕ್ರೀಟ್ ಮಾಳಿಗೆ ಆ ಮಿತಿಯ ಸುಮಾರು ಮೂರು ಪಟ್ಟು!

ಹಳೆಯ ಮಣ್ಣಿನ ಮಾಳಿಗೆಯನ್ನು, ಅಂದರೆ ಮೇಲ್ಮುದ್ದೆಯನ್ನು, ಇದೇ ತಕ್ಕಡಿಯಲ್ಲಿ ತೂಗಿ ನೋಡೋಣ. 30 ಸೆಂಟಿಮೀಟರ್ ಒಣ ಮಣ್ಣಿನ ವಾಹಕತೆಯನ್ನು 0.52 ಎಂದಿಟ್ಟುಕೊಂಡರೆ ರೋಧ 0.58. ಕೆಳಗಿನ ಎರಡೂವರೆ ಸೆಂಟಿಮೀಟರ್ ಕಟ್ಟಿಗೆ ಹಲಗೆಯದು ಸುಮಾರು 0.18. ಗಾಳಿಪದರಗಳ 0.21 ಸೇರಿಸಿದರೆ ಒಟ್ಟು 0.97. ಪ್ರಸರಣಾಂಕ ಸುಮಾರು 1.03. ಅಜ್ಜನ ಕಾಲದ ಮನೆ 2018ರ ಸಂಹಿತೆಯ ಮಿತಿಯೊಳಗೇ ಇದೆ. ಮಳೆಗಾಲದ ಸೋರಿಕೆ, ಭಾರ, ಪ್ರತಿ ವರ್ಷದ ದುರಸ್ತಿ ಇವುಗಳ ಕಾರಣಕ್ಕೆ ಜನ ಅದನ್ನು ಬಿಟ್ಟರು, ಅದು ಸಹಜ. ಆದರೆ ಬಿಟ್ಟ ಮಣ್ಣಿನ ಜೊತೆಗೆ ಉಷ್ಣರೋಧವೂ ಹೋಯಿತು. ಅದರ ಜಾಗದಲ್ಲಿ ನಾವು ಬೇರೇನನ್ನೂ ಇಡಲಿಲ್ಲ.

ಇನ್ನು ಬಿಸಿಲಿನ ಲೆಕ್ಕ. ಹೊರಗಿನ ಗಾಳಿ 40 ಡಿಗ್ರಿ, ಬಿಸಿಲಿನ ತೀವ್ರತೆ ಪ್ರತಿ ಚದರ ಮೀಟರಿಗೆ 900 ವಾಟ್ ಎಂದು ಭಾವಿಸೋಣ. ಕಪ್ಪಿಟ್ಟ ಕಾಂಕ್ರೀಟು ಇದರಲ್ಲಿ ಶೇ. 70ರಷ್ಟನ್ನು ಹೀರಿಕೊಂಡರೆ ಮಾಳಿಗೆಗೆ ಹೊರಗಿನ ತಾಪ 65 ಡಿಗ್ರಿ ಇದ್ದಂತೆಯೇ. ಬಿಳಿ ಬಳಿದು ಹೀರಿಕೆಯನ್ನು ಶೇ. 30ಕ್ಕೆ ಇಳಿಸಿದರೆ ಅದು ಸುಮಾರು 51 ಡಿಗ್ರಿ. ಕೊಠಡಿಯೊಳಗೆ 35 ಡಿಗ್ರಿ ಇದೆ ಎಂದುಕೊಂಡರೆ ಮಾಳಿಗೆಯಿಂದ ಇಳಿಯುವ ಉಷ್ಣ ಹೀಗಿರುತ್ತದೆ:

ಬರಿಯ ಕಾಂಕ್ರೀಟು: 3.5 × 48 × 30 = 5,040 ವಾಟ್
ಬಿಳಿ ಬಳಿದ ಕಾಂಕ್ರೀಟು: 3.5 × 48 × 16 = 2,688 ವಾಟ್
ಉಷ್ಣರೋಧಕ ಹಾಕಿ 1.2ಕ್ಕೆ ಇಳಿಸಿದ ಮಾಳಿಗೆ: 1.2 × 48 × 30 = 1,728 ವಾಟ್
ಎರಡೂ ಸೇರಿದರೆ: 1.2 × 48 × 16 = 922 ವಾಟ್

ಮೊದಲ ಸ್ಥಿತಿಯಲ್ಲಿ ಮಕ್ಕಳ ತಲೆಯ ಮೇಲೆ ಒಂದು ಕಿಲೋವಾಟಿನ ಐದು ಇಸ್ತ್ರಿಪೆಟ್ಟಿಗೆಗಳನ್ನು ಹಚ್ಚಿಟ್ಟಂತೆ. ಕೊನೆಯ ಸ್ಥಿತಿಯಲ್ಲಿ ಒಂದೂ ಪೂರ್ತಿ ಇಲ್ಲ. ಇದಕ್ಕೆ ಬೇಕಾದ ಪಾಲಿಸ್ಟೈರೀನ್ ಉಷ್ಣರೋಧಕದ ದಪ್ಪ ಬರೀ 2 ಸೆಂಟಿಮೀಟರ್. ಇದು ಸರಳ ಲೆಕ್ಕವೆಂಬುದನ್ನು ಮರೆಯಬಾರದು. ಕಾಂಕ್ರೀಟು ಉಷ್ಣವನ್ನು ತನ್ನಲ್ಲಿ ಕೂಡಿಟ್ಟುಕೊಂಡು ತಡವಾಗಿ ಬಿಡುತ್ತದೆ. ಸಂಜೆ ಹೊತ್ತು ಹೊರಗೆ ತಂಪಾದರೂ ಒಳಗೆ ಧಗೆ ಇರುವುದು ಅದಕ್ಕೇ.

ದ್ರಾಕ್ಷಿ ಶೆಡ್ಡು ಹೇಳುವ ಪಾಠ

ಮಾಳಿಗೆಯಾಯಿತು, ಗಾಳಿಯ ಗತಿಯೇನು? ರಾಷ್ಟ್ರೀಯ ಕಟ್ಟಡ ಸಂಹಿತೆ ಭಾರತವನ್ನು ಐದು ಹವಾ ವಲಯಗಳಾಗಿ ವಿಂಗಡಿಸುತ್ತದೆ. ಬೆಂಗಳೂರು ಸಮಶೀತೋಷ್ಣ ವಲಯದ್ದು. ವಿಜಯಪುರದ ನೆರೆಯ ಸೊಲ್ಲಾಪುರ ಬಿಸಿ-ಒಣ ವಲಯದ್ದು. ಒಂದೇ ಪ್ರಶ್ನೆಗೆ ಈ ಎರಡು ಊರುಗಳಲ್ಲಿ ಉತ್ತರ ಬೇರೆ.

ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಟೆರಿ ಕಟ್ಟಡದ ದಕ್ಷಿಣ ಗೋಡೆ ಜೋಡಿ ಗೋಡೆ. ಹೊರಮೈಗೆ ಕಪ್ಪು ಕಡಪ ಕಲ್ಲು. ಬಿಸಿಲಿಗೆ ಕಲ್ಲು ಕಾದು ನಡುವಿನ ಗಾಳಿ ಮೇಲೇರುತ್ತದೆ. ಉತ್ತರದ ಕಡೆಯಿಂದ ಹೊಸ ಗಾಳಿ ಒಳಬರುತ್ತದೆ. ಬೆಂಗಳೂರಿಗೆ ಇದು ಸೊಗಸಾದ ಉಪಾಯ. ಇದನ್ನೇ ಬಬಲೇಶ್ವರದಲ್ಲಿ ಏಪ್ರಿಲ್ ಮಧ್ಯಾಹ್ನ ಮಾಡಿದರೆ 40 ಡಿಗ್ರಿಯ ಗಾಳಿಯನ್ನು ಕರೆದು ಕೂರಿಸಿದಂತಾಗುತ್ತದೆ. ಇಲ್ಲಿ ಹಗಲು ಕಿಟಕಿ ಮುಚ್ಚಿ, ರಾತ್ರಿಯ ತಂಪು ಗಾಳಿಗೆ ತೆರೆದು, ದಪ್ಪ ಗೋಡೆಗಳನ್ನು ಆರಿಸುವುದು ಸರಿಯಾದ ಕ್ರಮ. ಹಳೆಯ ಮನೆಗಳ ದಪ್ಪ ಗೋಡೆ, ಸಣ್ಣ ಕಿಟಕಿ, ಮೇಲಿನ ಬೆಳಕಿಂಡಿಗಳ ಹಿಂದಿನ ತರ್ಕವೂ ಇದೇ.

ಇಲ್ಲಿನ ಗಾಳಿ ಎಷ್ಟು ಒಣಗಿದ್ದೆಂಬುದಕ್ಕೆ ತಿಕೋಟಾ ಸುತ್ತಲಿನ ಒಣದ್ರಾಕ್ಷಿ ಶೆಡ್ಡುಗಳೇ ಸಾಕ್ಷಿ. ನೆರಳಿನಲ್ಲಿ, ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರವಿದ ದ್ರಾಕ್ಷಿ ಬರೀ ಬೀಸುಗಾಳಿಗೆ ಸುಮಾರು ಎರಡು ವಾರದಲ್ಲಿ ಮನೂಕವಾಗುತ್ತದೆ. ದ್ರಾಕ್ಷಿಯ ನೀರನ್ನು ಹೀರುವ ಗಾಳಿಯೇ ಒದ್ದೆ ತಡಿಕೆಯ ನೀರನ್ನೂ ಹೀರುತ್ತದೆ. ಹೀರುವಾಗ ತಾನು ತಂಪಾಗುತ್ತದೆ. 40 ಡಿಗ್ರಿ ತಾಪ, ಶೇ. 20 ಸಾಪೇಕ್ಷ ಆರ್ದ್ರತೆ ಇರುವ ಗಾಳಿಯ ಒದ್ದೆ ಬಲ್ಬಿನ ತಾಪ ಸುಮಾರು 23 ಡಿಗ್ರಿ. ಶೇ. 70 ದಕ್ಷತೆಯ ಏರ್ ಕೂಲರು ಈ ಗಾಳಿಯನ್ನು ಸುಮಾರು 28 ಡಿಗ್ರಿಗೆ ಇಳಿಸಬಲ್ಲದು. ಏರ್ ಕಂಡೀಷನರಿಗೆ ಹೋಲಿಸಿದರೆ ಅದಕ್ಕೆ ಬೇಕಾದ ವಿದ್ಯುತ್ತು ತೀರಾ ಕಡಿಮೆ. ಕರಾವಳಿಯ ಮಂಗಳೂರಿನ ತೇವದ ಗಾಳಿಯಲ್ಲಿ ಇದೇ ಕೂಲರು ಅಷ್ಟೇನೂ ಉಪಯೋಗಕ್ಕೆ ಬಾರದು.

ಶಕ್ತಿ ಉಳಿಸಿದರೆ ನೀರು ಹೋಯಿತೇ?

ಹಾಗಾದರೆ ಕೂಲರು ಹಾಕಿದರೆ ಮುಗಿಯಿತೇ? ಇಲ್ಲಿಯೇ ಸಮಗ್ರ ವಿನ್ಯಾಸದ ಅಧ್ಯಾಯ ನೆರವಿಗೆ ಬರುತ್ತದೆ. 1 ಲೀಟರ್ ನೀರು ಆವಿಯಾಗಲು ಸುಮಾರು 24 ಲಕ್ಷ ಜೂಲ್ ಉಷ್ಣ ಬೇಕು. ನಮ್ಮ ಬರಿಯ ಕಾಂಕ್ರೀಟು ಮಾಳಿಗೆಯಿಂದ ಇಳಿಯುವ 5,040 ವಾಟ್ ಉಷ್ಣವನ್ನು ನೀರಿನಿಂದಲೇ ತೆಗೆಯಬೇಕಾದರೆ ಗಂಟೆಗೆ ಏಳೂವರೆ ಲೀಟರ್, 6 ಗಂಟೆಯ ಶಾಲೆಗೆ ದಿನಕ್ಕೆ 45 ಲೀಟರ್ ಆವಿಯಾಗಬೇಕು. ಇದು ಒಂದು ಕೊಠಡಿಯ ಮಾತು. ಹತ್ತು ಕೊಠಡಿಯ ಶಾಲೆಗೆ 450 ಲೀಟರ್. ಮಾಳಿಗೆಯನ್ನು ಮೊದಲೇ ಸರಿಪಡಿಸಿ 922 ವಾಟಿಗೆ ಇಳಿಸಿದ್ದರೆ ಕೊಠಡಿಗೆ ದಿನಕ್ಕೆ ಸುಮಾರು 8 ಲೀಟರ್ ಸಾಕು.

ಈ ಭಾಗದಲ್ಲಿ ಬೇಸಿಗೆಯ ನೀರಿನ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ವರ್ಷದ ಮಳೆ ಸುಮಾರು 600 ಮಿಲಿಮೀಟರ್. ಕೃಷ್ಣೆಯ ನೀರು ಈ ಎತ್ತರದ ನೆಲಕ್ಕೆ ತುಬಚಿ-ಬಬಲೇಶ್ವರದಂಥ ಏತ ನೀರಾವರಿ ಯೋಜನೆಗಳಿಂದ ಬರಬೇಕು. 1,000 ಲೀಟರ್ ನೀರನ್ನು 100 ಮೀಟರ್ ಎತ್ತಲು ತತ್ತ್ವತಃ 0.27 ಯೂನಿಟ್ ವಿದ್ಯುತ್ ಬೇಕು. ಪಂಪಿನ ನಷ್ಟ ಸೇರಿದರೆ ಇನ್ನೂ ಹೆಚ್ಚು. ನೀರು ಉಳಿಸಿದರೆ ವಿದ್ಯುತ್ತೂ ಉಳಿಯಿತು. ಜಿಲ್ಲೆಯಲ್ಲೇ ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರವಿದ್ದು ಅಲ್ಲಿ ಉರಿಯುವುದು ಕಲ್ಲಿದ್ದಲು. ಹೀಗೆ ನೀರಿನ ಅಂಕ, ಶಕ್ತಿಯ ಅಂಕ, ಹವೆಯ ಅಂಕ ಮೂರೂ ಒಂದೇ ಮಾಳಿಗೆಗೆ ಬಂದು ಸೇರುತ್ತವೆ. ಅವುಗಳನ್ನು ಬಿಡಿಬಿಡಿಯಾಗಿ ಕಂಠಪಾಠ ಮಾಡಿದವನಿಗೆ ಈ ನಂಟು ಕಾಣುವುದಿಲ್ಲ.

ಅದೇ ಮಾಳಿಗೆ ಮಳೆನೀರನ್ನೂ ಕೊಡುತ್ತದೆ. 48 ಚದರ ಮೀಟರಿನ ಮೇಲೆ 600 ಮಿಲಿಮೀಟರ್ ಮಳೆ ಬಿದ್ದು ಶೇ. 80ರಷ್ಟು ಕೈಗೆ ಸಿಕ್ಕಿದರೆ ವರ್ಷಕ್ಕೆ 23,000 ಲೀಟರ್. ನೀರನ್ನು ಹಿಡಿದಿಟ್ಟು ಹಂಚುವ ಜಾಣ್ಮೆ ಈ ಊರಿಗೆ ಹೊಸದಲ್ಲ. 1620ರ ತಾಜ್ ಬಾವಡಿ, 1651ರ ಬೇಗಂ ತಲಾಬ್, ನೆಲದಡಿಯ ಸುರಂಗ ಬಾವಡಿ, ಕೊಳವೆಗಳ ಒತ್ತಡ ತಗ್ಗಿಸಲು ದಾರಿಯುದ್ದಕ್ಕೂ ಕಟ್ಟಿದ ಗಂಜ್ ಎಂಬ ನೀರಗೋಪುರಗಳು ಆದಿಲಶಾಹಿ ಕಾಲದವು. ನೀರಿನ ಅಧ್ಯಾಯ ಓದುವ ವಿದ್ಯಾರ್ಥಿ ಒಂದು ಭಾನುವಾರ ಇವುಗಳನ್ನು ನೋಡಿ ಬರುವುದು ಒಳ್ಳೆಯದು.

ಸಾಮಗ್ರಿಯ ಮಾತೂ ಹೀಗೆಯೇ. ಲೀಡ್‌ನ ನಾಲ್ಕನೆಯ ಆವೃತ್ತಿ 160 ಕಿಲೋಮೀಟರ್ ಒಳಗೆ ದೊರೆಯುವ ಸಾಮಗ್ರಿಗೆ ಹೆಚ್ಚಿನ ಮನ್ನಣೆ ಕೊಡುತ್ತದೆ. ತಿಕೋಟಾವನ್ನು ಕೇಂದ್ರವಾಗಿಟ್ಟು ಕೈವಾರದಿಂದ ಆ ವೃತ್ತ ಎಳೆದರೆ ಬಾಗಲಕೋಟೆ, ಸೊಲ್ಲಾಪುರಗಳೆಲ್ಲ ಒಳಗೆ ಬರುತ್ತವೆ. ಕೂಡಗಿಯ ಹಾರುಬೂದಿಯ ಇಟ್ಟಿಗೆ, ಸ್ಥಳೀಯ ಕಪ್ಪುಕಲ್ಲು, ಪರ್ಸಿ ಎಲ್ಲವೂ ಈ ವೃತ್ತದವೇ.

ಸಿದ್ಧತೆ ಹೇಗೆ?

ಪಿಯುಸಿ ಮಟ್ಟದ ಭೌತಶಾಸ್ತ್ರ ಚೆನ್ನಾಗಿ ಗೊತ್ತಿದ್ದರೆ ಅರ್ಧ ದಾರಿ ಸವೆದಂತೆ. ಉಷ್ಣವಹನ, ವಿಕಿರಣ, ಗುಪ್ತೋಷ್ಣ, ಆರ್ದ್ರತೆ, ಸಾಮರ್ಥ್ಯ ಮತ್ತು ಶಕ್ತಿಯ ವ್ಯತ್ಯಾಸ ಇವೇ ಮೇಲಿನ ಎಲ್ಲ ಲೆಕ್ಕಗಳ ಬಂಡವಾಳ. ಎರಡನೆಯದು ಪರಿಭಾಷೆ. ಈ ಪರೀಕ್ಷೆಗಳು ಕನ್ನಡದಲ್ಲಿ ನಡೆಯುವುದಿಲ್ಲ. ಆದ್ದರಿಂದ ತತ್ತ್ವವನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡು ಪ್ರತಿ ಪದದ ಇಂಗ್ಲಿಷ್ ರೂಪವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವುದು ಉಪಯುಕ್ತ. ಮೂರನೆಯದು ಮಾನಕಗಳು. ಆಶ್ರೇ ಸಂಸ್ಥೆಯ 55ನೆಯ ಮಾನಕ ಉಷ್ಣ ನೆಮ್ಮದಿಗೆ, 62.1 ಗಾಳಿಯಾಟಕ್ಕೆ, 90.1 ಶಕ್ತಿ ಬಳಕೆಗೆ ಸಂಬಂಧಿಸಿದ್ದು. ಯಾವ ಮಾನಕ ಯಾವುದಕ್ಕೆ ಎಂಬುದು ನೆನಪಿನಲ್ಲಿರಬೇಕು. ಎಂಜಿನಿಯರಿಂಗ್ ಮತ್ತು ವಾಸ್ತುಶಿಲ್ಪ ಕಾಲೇಜುಗಳಲ್ಲಿ ಐಜಿಬಿಸಿಯ ವಿದ್ಯಾರ್ಥಿ ಘಟಕಗಳನ್ನು ಆರಂಭಿಸಲು ಅವಕಾಶವಿದೆ. ಗುಂಪಾಗಿ ಓದುವವರಿಗೆ ಅದು ಅನುಕೂಲ.

ನಾಲ್ಕನೆಯದು ಅಳೆಯುವ ಅಭ್ಯಾಸ. ಶಾಲೆಯಲ್ಲೇ ಮಾಡಬಹುದಾದ ಒಂದು ಪ್ರಯೋಗ ಹೀಗಿದೆ. ಒಂದೇ ಅಳತೆಯ, ಒಂದೇ ದಿಕ್ಕಿನ, ಮೇಲಂತಸ್ತಿನ ಎರಡು ಕೊಠಡಿಗಳನ್ನು ಆರಿಸಿಕೊಳ್ಳಿ. ಎರಡರಲ್ಲೂ ಮಾಳಿಗೆಯಿಂದ ಒಂದು ಅಡಿ ಕೆಳಗೆ ಮತ್ತು ಮಕ್ಕಳು ಕುಳಿತ ಎತ್ತರದಲ್ಲಿ ತಾಪಮಾಪಕ ತೂಗುಹಾಕಿ. ಬೆಳಿಗ್ಗೆ 8ರಿಂದ ಸಂಜೆ 6ರವರೆಗೆ ಗಂಟೆಗೊಮ್ಮೆ ಒಂದು ವಾರ ಬರೆದಿಡಿ. ಅನಂತರ ಒಂದು ಕೊಠಡಿಯ ಮಾಳಿಗೆಗೆ ಮಾತ್ರ ಶಿಕ್ಷಕರ ಉಸ್ತುವಾರಿಯಲ್ಲಿ ಸುಣ್ಣ ಬಳಿಸಿ ಇನ್ನೊಂದು ವಾರ ಅಳೆಯಿರಿ. ಎರಡು ವಾರದ ನಕ್ಷೆಗಳನ್ನು ಒಂದೇ ಹಾಳೆಯಲ್ಲಿ ಬಿಡಿಸಿ. ಅತಿ ಹೆಚ್ಚು ತಾಪ ಎಷ್ಟು ಇಳಿಯಿತು, ಅದು ಯಾವ ಹೊತ್ತಿಗೆ ಬಂತು ಎಂದು ನೋಡಿ. ಆರು ತಿಂಗಳ ನಂತರ ದೂಳು ಕುಳಿತ ಸುಣ್ಣದ ಮೇಲೆ ಮತ್ತೊಮ್ಮೆ ಅಳೆದರೆ ಇನ್ನೊಂದು ಪಾಠ ಸಿಗುತ್ತದೆ: ಬಳಿದದ್ದೆಲ್ಲ ಬಿಳಿಯಾಗಿಯೇ ಉಳಿಯುವುದಿಲ್ಲ, ನಿರ್ವಹಣೆಯೂ ವಿನ್ಯಾಸದ ಭಾಗ.

ಅಂಕ ಗಳಿಸಿದ ಕಟ್ಟಡವೆಲ್ಲ ತಂಪಾಗಿರುತ್ತದೆ ಎಂಬ ಖಾತರಿಯಿಲ್ಲ. ಕಾಗದದ ಮೇಲಿನ ಲೆಕ್ಕಕ್ಕೂ ಬಳಕೆಯ ಮೀಟರಿಗೂ ಅಂತರ ಬೀಳಬಹುದು. ಆ ಅಂತರವನ್ನು ಹುಡುಕಿ ತುಂಬುವುದೇ ಪರಿಣತರ ಕೆಲಸ. ವಿಜಯಪುರ, ತಿಕೋಟಾ, ಬಬಲೇಶ್ವರಗಳಲ್ಲಿ ಹೊಸ ಶಾಲೆ, ಕಚೇರಿ, ಆಸ್ಪತ್ರೆಗಳು ಮುಂದೆಯೂ ಏಳುತ್ತವೆ. ಒಮ್ಮೆ ಹಾಕಿದ ಮಾಳಿಗೆ ಹಲವು ದಶಕ ಇರುತ್ತದೆ. ಅದರ ಪ್ರಸರಣಾಂಕ ಎಷ್ಟು ಎಂದು ಹಲಗೆ ಹಾಕುವ ಮುನ್ನವೇ ಕೇಳಬಲ್ಲವರು ಊರಿಗೊಬ್ಬರಾದರೂ ಇದ್ದರೆ, ಮುಂದಿನ ಮಾರ್ಚ್ ತಿಂಗಳುಗಳಲ್ಲಿ ಪರೀಕ್ಷೆ ಬರೆಯುವ ಮಕ್ಕಳಿಗೆ ಅದರ ಫಲ ಸಿಗುತ್ತದೆ.